ಎಲ್‌ಎಲ್‌ಆರ್ ಕೈಗೆ ಬಂತು, ಒಬ್ಬರೇ ಗಾಡಿ ಓಡಿಸಬಹುದಾ?

ಡಿಎಲ್ ಬೇಕು ಅಂದ್ರೆ ಮೊದಲು ಎಲ್‌ಎಲ್‌ಆರ್, ಅಂದರೆ ಕಲಿಕಾ ಲೈಸೆನ್ಸ್, ಮಾಡಿಸಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಅದು ಕೈಗೆ ಬಂದ ಮೇಲೆ ಏನು ಮಾಡಬಹುದು, ಏನು ಮಾಡಬಾರದು ಅನ್ನೋದರಲ್ಲೇ ತುಂಬಾ ಜನ ಎಡವೋದು. ಇವತ್ತು ಅದನ್ನೇ ನೋಡೋಣ.

ಮೊದಲು ವಯಸ್ಸು. ಕಾರು, ಗೇರ್ ಇರೋ ಬೈಕ್‌ಗೆ 18 ತುಂಬಿರಬೇಕು. 16 ತುಂಬಿದವರಿಗೆ ಪೋಷಕರ ಒಪ್ಪಿಗೆ ಇದ್ದರೆ ಸಿಗುತ್ತೆ, ಆದರೆ 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ. ಈಗ ರಸ್ತೆ ಮೇಲಿರೋ ಪೆಟ್ರೋಲ್ ಸ್ಕೂಟರ್‌ಗಳಲ್ಲಿ ಬಹುತೇಕ ಎಲ್ಲವೂ 100 ಸಿಸಿಗಿಂತ ಮೇಲಿನವು. ಹಾಗಾಗಿ ಪಿಯುಸಿ ಓದೋ ಮಗನಿಗೆ ಮನೆಯ ಸ್ಕೂಟರ್ ಕೊಟ್ಟು ಸಿಕ್ಕಿಬಿದ್ದರೆ, 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ ಇಲ್ಲವೇ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು.

ಇನ್ನು ಅವಧಿ. ಎಲ್‌ಎಲ್‌ಆರ್ 6 ತಿಂಗಳು ಚಾಲ್ತಿಯಲ್ಲಿರುತ್ತೆ. ಅದು ಸಿಕ್ಕಿ 30 ದಿನ ಆಗೋವರೆಗೆ ಡಿಎಲ್ ಟೆಸ್ಟ್‌ಗೆ ಹೋಗೋಕೆ ಆಗಲ್ಲ. ಈ 30 ದಿನ ಕಲಿಯೋದಕ್ಕೆ ಅಂತಲೇ ಇಟ್ಟಿರೋದು.

ಈಗ ಮುಖ್ಯ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 3ನೇ ನಿಯಮ ಹೇಳೋದು ಇಷ್ಟು: ಕಲಿಯುವವರ ಜೊತೆ ಆ ಗಾಡಿಯ ಡಿಎಲ್ ಇರೋ ಒಬ್ಬರು ಇರಲೇಬೇಕು, ಅದೂ ಗಾಡಿಯನ್ನ ನಿಯಂತ್ರಿಸೋಕೆ ಅಥವಾ ನಿಲ್ಲಿಸೋಕೆ ಆಗೋ ಜಾಗದಲ್ಲಿ ಕೂತಿರಬೇಕು. ಹಿಂದೆ, ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಅಕ್ಷರ ಇರಬೇಕು. ಬೈಕ್ ಆದರೆ, ಕಲಿಸುವವರನ್ನ ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸೋ ಹಾಗಿಲ್ಲ. ಅಂದರೆ ಎಲ್‌ಎಲ್‌ಆರ್ ಇಟ್ಟುಕೊಂಡು ಒಬ್ಬರೇ ಆಫೀಸಿಗೆ ಹೋಗೋದು, ಗೆಳೆಯನನ್ನ ಕಾಲೇಜಿಗೆ ಬಿಡೋದು, ಎರಡೂ ತಪ್ಪು.

'ಪೊಲೀಸ್ ಹಿಡಿದ್ರೆ ದಂಡ ಕಟ್ಟಿದ್ರಾಯ್ತು' ಅಂತೀರಾ? ಹಾಗಾದರೆ ನಿಮ್ಮ ಇನ್ಶೂರೆನ್ಸ್ ಪಾಲಿಸಿ ತೆಗೆದು, ಯಾರು ಗಾಡಿ ಓಡಿಸಬಹುದು ಅನ್ನೋ ಭಾಗ ಓದಿ. ಕಲಿಕಾ ಲೈಸೆನ್ಸ್ ಇರುವವರೂ ಓಡಿಸಬಹುದು, ಆದರೆ ಇದೇ 3ನೇ ನಿಯಮ ಪಾಲಿಸಿರಬೇಕು ಅಂತ ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತೆ. ಪಕ್ಕದಲ್ಲಿ ಯಾರೂ ಇಲ್ಲದೆ ಅಪಘಾತ ಆದರೆ, ಕ್ಲೈಮ್ ನಿರಾಕರಿಸೋಕೆ ಕಂಪನಿಗೆ ನೀವೇ ಕಾರಣ ಕೊಟ್ಟ ಹಾಗೆ. ಆ ಖರ್ಚಿನ ಮುಂದೆ ದಂಡದ ಮೊತ್ತ ಏನೇನೂ ಅಲ್ಲ.

ಹಾಗಾಗಿ ಡಿಎಲ್ ಬರೋವರೆಗೆ ಅಣ್ಣನೋ, ಅಕ್ಕನೋ, ಡ್ರೈವಿಂಗ್ ಸ್ಕೂಲ್‌ನವರೋ, ಡಿಎಲ್ ಇರೋ ಒಬ್ಬರು ಜೊತೆಗಿರಲಿ.