ಈ ಸಾಲು ಬರೆದವರು ಯಾರು?

2003ರ ಮಾರ್ಚಿನಲ್ಲಿ ಎಸ್‌ಸಿಒ ಎಂಬ ಅಮೆರಿಕದ ಕಂಪನಿ ಐಬಿಎಂ ಮೇಲೆ ನೂರು ಕೋಟಿ ಡಾಲರಿನ ದಾವೆ ಹೂಡಿತು. ತನ್ನದೆನ್ನುವ ಯುನಿಕ್ಸ್ ಕೋಡನ್ನು ಐಬಿಎಂ ಕದ್ದು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಗೆ ಸೇರಿಸಿದೆ ಎಂಬುದು ಅದರ ಆರೋಪ. ವರ್ಷದ ಕೊನೆಗೆ ಕಂಪನಿ ಇನ್ನಷ್ಟು ಫೈಲುಗಳತ್ತ ಬೆರಳು ತೋರಿಸಿದಾಗ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ 1991ರ ತಮ್ಮ ಮೊಟ್ಟಮೊದಲ ಆವೃತ್ತಿಯನ್ನು ಕೆದಕಿ ತೆಗೆದರು. ಅಲ್ಲಿದ್ದ ಕೋಡು ಎಷ್ಟು ಒಡ್ಡೊಡ್ಡಾಗಿತ್ತೆಂದರೆ, ಅದು ತಮ್ಮದೇ ಕೈಬರಹ ಎನ್ನಲು ಆ ಒಡ್ಡುತನವನ್ನೇ ಪುರಾವೆಯಾಗಿ ಮುಂದಿಟ್ಟರು! ಮೊಕದ್ದಮೆ ರಾಜಿಯಾಗಿ ಮುಗಿದದ್ದು 2021ರಲ್ಲಿ.

ಹಳೆಯ ನೆನಪನ್ನು ಕೆದಕಿ ಒಡೆತನ ಸಾಬೀತು ಮಾಡುವುದು ಎಷ್ಟು ದಿನ ನಡೆದೀತು? 2004ರಲ್ಲಿ ಟೊರ್ವಾಲ್ಡ್ಸ್ ಒಂದು ಸರಳ ನಿಯಮ ತಂದರು. ಲಿನಕ್ಸ್‌ಗೆ ಕೋಡು ಕಳಿಸುವವರು ಅದರ ಕೊನೆಗೆ ‘ಸೈನ್ಡ್ ಆಫ್ ಬೈ’ ಎಂದು ಬರೆದು ಹೆಸರು, ಇಮೇಲ್ ಸೇರಿಸಬೇಕು. ‘ಇದನ್ನು ನಾನೇ ಬರೆದೆ, ಅಥವಾ ಮುಕ್ತ ಪರವಾನಗಿಯಡಿ ಪಡೆದೆ, ಇದನ್ನು ಕೊಡುವ ಹಕ್ಕು ನನಗಿದೆ, ಈ ದಾಖಲೆ ಎಲ್ಲರೂ ನೋಡುವಂತೆ ಉಳಿಯಲಿ’ ಎಂಬುದು ಆ ಒಂದು ಸಾಲಿನ ಹೂರಣ. ಕೋಡು ಯಾರ ಕೈ ದಾಟಿ ಮೇಲೆ ಹೋಗುತ್ತದೋ ಅವರೂ ತಮ್ಮ ಸಾಲು ಸೇರಿಸುತ್ತಾರೆ. ತಾಲ್ಲೂಕು ಕಚೇರಿಯ ಕಡತಕ್ಕೆ ಮೇಜಿನಿಂದ ಮೇಜಿಗೆ ರುಜು ಬೀಳುವ ಹಾಗೆ. ಇಲ್ಲಿ ಕಡತ ಕಳೆದುಹೋಗುವುದಿಲ್ಲ, ಅಷ್ಟೇ.

ಕಳೆದುಹೋಗದಂತೆ ಕಾಯುವುದು 2005ರಲ್ಲಿ ಟೊರ್ವಾಲ್ಡ್ಸ್ ಅವರೇ ಕಟ್ಟಿದ ಗಿಟ್ ಎಂಬ ತಂತ್ರಾಂಶ. ಪ್ರತಿ ಬದಲಾವಣೆಯ ವಿಷಯ, ಬರೆದವರು, ಹೊತ್ತು, ಹಿಂದಿನ ಬದಲಾವಣೆಯ ಗುರುತು ಇಷ್ಟನ್ನೂ ಅರೆದು ಅದು 40 ಅಕ್ಷರಗಳ ಒಂದು ಗುರುತು ಹೊರಡಿಸುತ್ತದೆ. ಹಳೆಯದರಲ್ಲಿ ಒಂದು ಅಲ್ಪವಿರಾಮ ತಿದ್ದಿದರೂ ಅಲ್ಲಿಂದ ಮುಂದಿನ ಗುರುತುಗಳೆಲ್ಲ ಬದಲಾಗುತ್ತವೆ. ಗುಟ್ಟಾಗಿ ಇತಿಹಾಸ ತಿದ್ದುವುದು ಕಷ್ಟ.

ಇನ್ನು ಪರವಾನಗಿಯ ಪಾಡು. ಒಬ್ಬರು ಅದನ್ನು ಫೈಲಿಗೆ ಪೂರ್ತಿ ಅಂಟಿಸಿದರೆ, ಇನ್ನೊಬ್ಬರು ಅರ್ಧ, ಮತ್ತೊಬ್ಬರು ಏನೂ ಇಲ್ಲ. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಹುಟ್ಟಿದ ಫಾಸಾಲಜಿ, ಆಮೇಲೆ ಬಂದ ಸ್ಕ್ಯಾನ್‌ಕೋಡ್ ಈ ಗೋಜಲನ್ನು ಬಿಡಿಸುವ ಯಂತ್ರಗಳು. ಅವು ಫೈಲಿನ ಟಿಪ್ಪಣಿಗಳನ್ನು ಓದಿ, ತಮ್ಮಲ್ಲಿರುವ ಪರವಾನಗಿ ಪಠ್ಯಗಳ ಜೊತೆ ಪದಕ್ಕೆ ಪದ ಹೋಲಿಸಿ, ಇದು ಇಂಥದ್ದು ಎನ್ನುತ್ತವೆ. 2017ರಲ್ಲಿ ಲಿನಕ್ಸ್‌ನ 60 ಸಾವಿರಕ್ಕೂ ಹೆಚ್ಚು ಫೈಲುಗಳನ್ನು ಇಂಥ ಯಂತ್ರಗಳಿಂದ ಜಾಲಾಡಿಸಿ, ಅನುಮಾನ ಉಳಿದ ಕಡೆ ಮನುಷ್ಯರೇ ಕೂತು ನೋಡಿ, ಸಾವಿರಾರು ಫೈಲುಗಳ ನೆತ್ತಿಗೆ ಎಸ್‌ಪಿಡಿಎಕ್ಸ್ ಎಂಬ ಏಕರೂಪದ ಒಂದು ಸಾಲಿನ ಗುರುತು ಬರೆದರು. 2021ರಲ್ಲಿ ಎಸ್‌ಪಿಡಿಎಕ್ಸ್ ಐಎಸ್‌ಒ ಮಾನಕವೂ ಆಯಿತು.

ಆದರೂ ನನ್ನ ಒಲವು ಆ ರುಜುವಿನ ಕಡೆಗೇ. ಈ ಯಂತ್ರಗಳು ಬರೆದಿಟ್ಟದ್ದನ್ನು ಮಾತ್ರ ಓದಬಲ್ಲವು. ಪರವಾನಗಿಯ ಸಾಲನ್ನು ಅಳಿಸಿ ತಂದ ಕೋಡನ್ನು ಸುಮ್ಮನೆ ದಾಟಿಹೋಗುತ್ತವೆ. ರುಜು ಹಾಕಿದವರು ಸುಳ್ಳು ಹೇಳಿದರೆ ಗಿಟ್‌ಗೂ ತಿಳಿಯದು, ನಿಜ. ಆದರೆ ಜವಾಬ್ದಾರಿ ಯಾರದು ಎಂಬುದಕ್ಕೆ ಹೆಸರಾದರೂ ಉಳಿಯುತ್ತದೆ. ಕೋಡನ್ನು ಕೃತಕ ಬುದ್ಧಿಮತ್ತೆಯೇ ಬರೆದುಕೊಡುವ ಈ ಕಾಲದಲ್ಲಿ ಲಿನಕ್ಸ್‌ನವರು ಇದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿದ್ದಾರೆ: ಅಂಥ ನೆರವು ಪಡೆದಿದ್ದರೆ ಅದನ್ನು ಬೇರೆ ಸಾಲಿನಲ್ಲಿ ನಮೂದಿಸಬೇಕು, ‘ಸೈನ್ಡ್ ಆಫ್ ಬೈ’ ಹಾಕುವ ಅಧಿಕಾರ ಮನುಷ್ಯರಿಗೆ ಮಾತ್ರ.