ತೂಕ ಇಳಿಕೆಯ ಶಸ್ತ್ರಚಿಕಿತ್ಸೆ: ಯಾವ ವಿಧಾನ ಯಾರಿಗೆ ಸೂಕ್ತ?

(ಸಾರ್ವಜನಿಕರು, ಗ್ರಾಮ ಪಂಚಾಯಿತಿ ಸದಸ್ಯರು, ಸಮುದಾಯ ಆರೋಗ್ಯ ಅಧಿಕಾರಿಗಳು ಹಾಗೂ ಆಶಾ ಕಾರ್ಯಕರ್ತೆಯರ ಮಾಹಿತಿಗಾಗಿ)

ಬೊಜ್ಜು ನಗರವಾಸಿಗಳ ಹಾಗೂ ಉಳ್ಳವರ ಸಮಸ್ಯೆಯೆಂಬ ಭಾವನೆ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಸಮೀಕ್ಷೆಗೆ ಒಳಪಟ್ಟ ಮಹಿಳೆಯರಲ್ಲಿಯೂ ಪುರುಷರಲ್ಲಿಯೂ ಸುಮಾರು ಶೇ 30ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದಾರೆ. ಮಧುಮೇಹ, ರಕ್ತದೊತ್ತಡ, ಮಂಡಿನೋವು, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಮುಂತಾದವು ಇದರ ಬೆನ್ನಿಗೇ ಬರುತ್ತವೆ. ಇಂತಹವರಲ್ಲಿ ಕೆಲವರು ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯನ್ನು, ಅಂದರೆ ಬೇರಿಯಾಟ್ರಿಕ್ ಸರ್ಜರಿಯನ್ನು, ಮಾಡಿಸಿಕೊಳ್ಳಲು ನಗರದ ಆಸ್ಪತ್ರೆಗಳಿಗೆ ತೆರಳುತ್ತಿದ್ದಾರೆ. ಅಲ್ಲಿ ಅವರ ಮುಂದೆ ಎರಡು ಮೂರು ವಿಧಾನಗಳ ಹೆಸರುಗಳನ್ನು ಇಟ್ಟು ಆಯ್ಕೆ ಮಾಡಿಕೊಳ್ಳಲು ತಿಳಿಸಲಾಗುತ್ತದೆ. ಎಷ್ಟು ಕಿಲೋ ಇಳಿಯುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಆಯ್ಕೆ ಮಾಡುವುದು ಸರಿಯಲ್ಲ. ರೋಗಿಗೆ ಈಗಾಗಲೇ ಇರುವ ಕಾಯಿಲೆ ಯಾವುದು, ಊರಿಗೆ ಮರಳಿದ ಮೇಲೆ ಆಯುಷ್ಯಪೂರ್ತಿ ಪಾಲಿಸಲು ಸಾಧ್ಯವಾಗುವ ಕ್ರಮ ಯಾವುದು ಎಂಬ ಎರಡು ಅಂಶಗಳು ಕಿಲೋ ಲೆಕ್ಕಕ್ಕಿಂತ ಮುಖ್ಯವಾದವು. ಈ ಲೇಖನದಲ್ಲಿ ಆ ಅಂಶಗಳನ್ನು ವಿವರಿಸಲಾಗಿದೆ.

1. ಶಸ್ತ್ರಚಿಕಿತ್ಸೆ ಯಾರಿಗೆ ಅನ್ವಯಿಸುತ್ತದೆ?

ಮೊದಲ ಅಳತೆಗೋಲು ದೇಹ ತೂಕ ಸೂಚ್ಯಂಕ, ಅಂದರೆ ಬಿಎಂಐ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಉದಾಹರಣೆಗೆ, 158 ಸೆಂ.ಮೀ. ಎತ್ತರ ಹಾಗೂ 92 ಕಿ.ಗ್ರಾಂ. ತೂಕವಿರುವ ಮಹಿಳೆಯ ಬಿಎಂಐ ಸುಮಾರು 36.9 ಆಗುತ್ತದೆ.

2022ರಲ್ಲಿ ಪರಿಷ್ಕರಿಸಲಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಬಿಎಂಐ 35 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ, ಬೇರೆ ಕಾಯಿಲೆ ಇರಲಿ ಇಲ್ಲದಿರಲಿ, ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ. ಬಿಎಂಐ 30ರಿಂದ 35ರ ನಡುವೆ ಇದ್ದು ಮಧುಮೇಹದಂತಹ ಕಾಯಿಲೆ ಇರುವವರಿಗೂ ಇದನ್ನು ಪರಿಗಣಿಸಬಹುದು. ಏಷ್ಯಾದ ಜನರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಹಾಗೂ ಹೃದ್ರೋಗಗಳು ಕಾಣಿಸಿಕೊಳ್ಳುವುದರಿಂದ ಅವರಿಗೆ ಬಿಎಂಐ 27.5ರಿಂದಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಸದರಿ ಮಾರ್ಗಸೂಚಿ ತಿಳಿಸುತ್ತದೆ. ಪಥ್ಯ, ವ್ಯಾಯಾಮ ಹಾಗೂ ಔಷಧ ಚಿಕಿತ್ಸೆಯಿಂದ ಸಾಕಷ್ಟು ಫಲ ದೊರೆಯದಿದ್ದಾಗ ಮಾತ್ರ ಈ ಮಾತು ಬರುತ್ತದೆ. ಥೈರಾಯ್ಡ್ ಮುಂತಾದ ಗ್ರಂಥಿಗಳ ತೊಂದರೆ ತೂಕ ಹೆಚ್ಚಳಕ್ಕೆ ಕಾರಣವೇ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳತಕ್ಕದ್ದು.

2. ಪ್ರಚಲಿತ ವಿಧಾನಗಳು

(ಅ) ಸ್ಲೀವ್ ವಿಧಾನ: ಜಠರದ ಸುಮಾರು ಶೇ 75ರಿಂದ 80ರಷ್ಟು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆಯಲಾಗುತ್ತದೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕಿರಿದಾದ ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವ ಭಾಗವೇ ಹೊರಹೋಗುವುದರಿಂದ ಹಸಿವೂ ತಗ್ಗುತ್ತದೆ. ತೆಗೆದ ಜಠರವನ್ನು ಮರಳಿ ಜೋಡಿಸಲು ಸಾಧ್ಯವಿಲ್ಲ. ಆದರೆ ಅಗತ್ಯಬಿದ್ದರೆ ಮುಂದೆ ಇದನ್ನು ಬೈಪಾಸ್ ಆಗಿ ಪರಿವರ್ತಿಸಬಹುದು.

(ಆ) ಗ್ಯಾಸ್ಟ್ರಿಕ್ ಬೈಪಾಸ್: ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚಿಕ್ಕ ಚೀಲವೊಂದನ್ನು ಪ್ರತ್ಯೇಕಿಸಿ ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸಲಾಗುತ್ತದೆ. ಎರಡು ಕಡೆ ಜೋಡಣೆ ಇರುತ್ತದೆ. ಆಹಾರವು ಜಠರದ ಬಹುಭಾಗವನ್ನೂ ಸಣ್ಣ ಕರುಳಿನ ಆರಂಭದ ಭಾಗವನ್ನೂ ದಾಟಿ ಮುಂದೆ ಸಾಗುತ್ತದೆ. ಜಠರದ ಉಳಿದ ಭಾಗ ಹೊಟ್ಟೆಯೊಳಗೇ ಇರುತ್ತದೆ. ಕರುಳಿನಿಂದ ಸ್ರವಿಸುವ ಹಾರ್ಮೋನುಗಳಲ್ಲಿ ಆಗುವ ಬದಲಾವಣೆಯಿಂದ ರಕ್ತದ ಸಕ್ಕರೆಯು ತೂಕ ಇಳಿಯುವ ಮೊದಲೇ ಹತೋಟಿಗೆ ಬರುವುದುಂಟು.

(ಇ) ಮಿನಿ ಬೈಪಾಸ್: ಜಠರದ ಚೀಲವನ್ನು ಉದ್ದವಾಗಿ ರೂಪಿಸಿ ಕರುಳನ್ನು ಒಂದೇ ಕಡೆ ಜೋಡಿಸುವ ವಿಧಾನವಿದು. ಹೆಸರಿನಲ್ಲಿ 'ಮಿನಿ' ಎಂದಿದ್ದರೂ ಪರಿಣಾಮದಲ್ಲಿ ಇದು ಚಿಕ್ಕದಲ್ಲ. ಫ್ರಾನ್ಸಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷಗಳ ನಂತರದ ತೂಕ ಇಳಿಕೆ ಎರಡೂ ಬೈಪಾಸ್‌ಗಳಲ್ಲಿ ಸರಿಸುಮಾರು ಸಮಾನವಾಗಿದ್ದರೂ ಅತಿಸಾರ ಹಾಗೂ ಪೋಷಕಾಂಶಗಳ ಕೊರತೆ ಮಿನಿ ಬೈಪಾಸ್‌ನಲ್ಲಿ ಹೆಚ್ಚಾಗಿ ಕಂಡುಬಂದವು.

(ಈ) ಇತರೆ: ಜಠರಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್ ವಿಧಾನವು ಪಟ್ಟಿ ಜಾರುವಿಕೆ ಹಾಗೂ ಮರುಶಸ್ತ್ರಚಿಕಿತ್ಸೆಗಳ ಕಾರಣದಿಂದ ಈಗ ಬಹುಮಟ್ಟಿಗೆ ಹಿಂದೆ ಸರಿದಿದೆ. ಜಠರದಲ್ಲಿ ಇರಿಸುವ ಬಲೂನು ಶಸ್ತ್ರಚಿಕಿತ್ಸೆಯಲ್ಲ. ಅದನ್ನು ಸಾಮಾನ್ಯವಾಗಿ ಆರು ತಿಂಗಳಲ್ಲಿ ಹೊರತೆಗೆಯಲಾಗುತ್ತದೆ ಮತ್ತು ಅನಂತರ ತೂಕ ಮರಳುವ ಸಂಭವ ಹೆಚ್ಚು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಬೊಜ್ಜಿನ ಕಾಯಿಲೆಗೆ ಚಿಕಿತ್ಸೆಯೇ ಅಲ್ಲ ಎಂಬುದನ್ನು ವಿಶೇಷವಾಗಿ ಗಮನಿಸುವುದು.

3. ಕಿಲೋ ಲೆಕ್ಕ ಏನನ್ನು ತಿಳಿಸುತ್ತದೆ?

ಫಿನ್ಲೆಂಡಿನಲ್ಲಿ 240 ರೋಗಿಗಳನ್ನು ಸ್ಲೀವ್ ಹಾಗೂ ಬೈಪಾಸ್ ಗುಂಪುಗಳಾಗಿ ವಿಂಗಡಿಸಿ ನಡೆಸಿದ ಅಧ್ಯಯನದ ಹತ್ತು ವರ್ಷಗಳ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹೆಚ್ಚುವರಿ ತೂಕದಲ್ಲಿ ಸ್ಲೀವ್ ಗುಂಪಿನವರು ಶೇ 43.5ರಷ್ಟನ್ನೂ ಬೈಪಾಸ್ ಗುಂಪಿನವರು ಶೇ 50.7ರಷ್ಟನ್ನೂ ಕಳೆದುಕೊಂಡಿದ್ದರು.

ಮೇಲಿನ ಉದಾಹರಣೆಯ ಮಹಿಳೆಗೆ ಇದನ್ನು ಅನ್ವಯಿಸಿ ನೋಡೋಣ. ಬಿಎಂಐ 25ಕ್ಕೆ ಆಕೆಯ ತೂಕ ಸುಮಾರು 62 ಕಿಲೋ ಇರಬೇಕು. ಅಂದರೆ ಹೆಚ್ಚುವರಿ ತೂಕ ಸುಮಾರು 30 ಕಿಲೋ. ಈ ಪ್ರಮಾಣದಂತೆ ಹತ್ತು ವರ್ಷಗಳ ನಂತರ ಸ್ಲೀವ್‌ನಿಂದ ಸುಮಾರು 13 ಕಿಲೋ, ಬೈಪಾಸ್‌ನಿಂದ ಸುಮಾರು 15 ಕಿಲೋ ಇಳಿದಿರುತ್ತದೆ. ಅಧ್ಯಯನದ ರೋಗಿಗಳ ತೂಕ ಇದಕ್ಕಿಂತ ಬಹಳ ಹೆಚ್ಚಿದ್ದುದರಿಂದ ಇದನ್ನು ಭರವಸೆಯೆಂದು ಭಾವಿಸದೆ ಅಂದಾಜೆಂದು ಮಾತ್ರ ತಿಳಿಯಬೇಕು. ಆದರೂ ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಶಸ್ತ್ರಚಿಕಿತ್ಸೆಯಿಂದ ಹೆಚ್ಚುವರಿ ತೂಕವೆಲ್ಲ ಕರಗಿಹೋಗುತ್ತದೆ ಎಂಬುದು ನಿಜವಲ್ಲ. ಎರಡು ವಿಧಾನಗಳ ನಡುವಿನ ತೂಕದ ಅಂತರವೂ ದೊಡ್ಡದಲ್ಲ.

ಅದೇ ಅಧ್ಯಯನದಲ್ಲಿ ದೊಡ್ಡ ಅಂತರ ಕಂಡದ್ದು ಬೇರೆಡೆ. ಆಮ್ಲ ಮೇಲಕ್ಕೆ ಉಕ್ಕುವುದರಿಂದ ಅನ್ನನಾಳದಲ್ಲಿ ಉಂಟಾಗುವ ಉರಿಯೂತವು ಸ್ಲೀವ್ ಆದವರಲ್ಲಿ ಶೇ 31ರಷ್ಟು ಮಂದಿಗೆ, ಬೈಪಾಸ್ ಆದವರಲ್ಲಿ ಶೇ 7ರಷ್ಟು ಮಂದಿಗೆ ಇತ್ತು.

4. ಆಯ್ಕೆಯನ್ನು ನಿರ್ಧರಿಸುವ ಅಂಶಗಳು

ಎದೆಯುರಿ: ಜನಸಾಮಾನ್ಯರು 'ಗ್ಯಾಸ್ಟ್ರಿಕ್' ಎಂದು ಕರೆದು ಮಾತ್ರೆ ನುಂಗಿ ಸುಮ್ಮನಾಗುವ ಎದೆಯುರಿ, ಹುಳಿತೇಗುಗಳನ್ನು ವೈದ್ಯರ ಮುಂದೆ ಮರೆಯದೆ ಹೇಳಬೇಕು. ತೀವ್ರ ಎದೆಯುರಿ ಅಥವಾ ಅನ್ನನಾಳದ ಉರಿಯೂತ ಇರುವವರಿಗೆ ಸ್ಲೀವ್ ಸಾಮಾನ್ಯವಾಗಿ ಸೂಕ್ತವಲ್ಲ. ಅಂತಹವರಿಗೆ ಎರಡು ಜೋಡಣೆಯ ಬೈಪಾಸ್ ಹೆಚ್ಚು ಅನುಕೂಲ. ಶಸ್ತ್ರಚಿಕಿತ್ಸೆಗೆ ಮುನ್ನ ಎಂಡೋಸ್ಕೋಪಿ ಮಾಡಿಸುವುದು ಇದೇ ಕಾರಣಕ್ಕಾಗಿ.

ಮಧುಮೇಹ: ಅಮೆರಿಕದಲ್ಲಿ 150 ಮಧುಮೇಹಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಐದು ವರ್ಷಗಳ ಅಧ್ಯಯನದಲ್ಲಿ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಪ್ರಮಾಣ 6 ಅಥವಾ ಅದಕ್ಕಿಂತ ಕಡಿಮೆಗೆ ಇಳಿದವರು ಬೈಪಾಸ್‌ನಲ್ಲಿ ಶೇ 29, ಸ್ಲೀವ್‌ನಲ್ಲಿ ಶೇ 23, ಔಷಧ ಮಾತ್ರ ಪಡೆದವರಲ್ಲಿ ಶೇ 5. ಎರಡು ಶಸ್ತ್ರಚಿಕಿತ್ಸೆಗಳ ನಡುವಿನ ಅಂತರಕ್ಕಿಂತ ಶಸ್ತ್ರಚಿಕಿತ್ಸೆಗೂ ಔಷಧಕ್ಕೂ ಇರುವ ಅಂತರವೇ ಇಲ್ಲಿ ಹಿರಿದು. ಕಾಯಿಲೆ ಬಂದು ಬಹುವರ್ಷಗಳಾಗಿ ಇನ್ಸುಲಿನ್ ಅವಲಂಬಿಸಿರುವವರಲ್ಲಿ ಫಲ ಕಡಿಮೆ.

ರಕ್ತಹೀನತೆ ಹಾಗೂ ಆಹಾರ ಪದ್ಧತಿ: ಕಬ್ಬಿಣಾಂಶ ಹಾಗೂ ಸುಣ್ಣಾಂಶ ಹೆಚ್ಚಾಗಿ ಹೀರಲ್ಪಡುವುದು ಬೈಪಾಸ್‌ನಲ್ಲಿ ಬದಿಗೆ ಸರಿಸುವ ಕರುಳಿನ ಭಾಗದಲ್ಲಿಯೇ. ಆದ್ದರಿಂದ ಮೊದಲೇ ರಕ್ತಹೀನತೆ ಇರುವ ಮಹಿಳೆಯರು ಹಾಗೂ ಬಿ12 ಕೊರತೆಯುಳ್ಳ ಸಸ್ಯಾಹಾರಿಗಳು ಬೈಪಾಸ್‌ಗೆ ಮುನ್ನ ಈ ಕೊರತೆಗಳನ್ನು ಸರಿಪಡಿಸಿಕೊಳ್ಳಬೇಕು. ಸ್ಲೀವ್‌ನಲ್ಲಿ ಕೊರತೆ ತುಲನಾತ್ಮಕವಾಗಿ ಕಡಿಮೆಯಾದರೂ ಪೂರಕ ಮಾತ್ರೆಗಳಿಂದ ವಿನಾಯಿತಿ ಇಲ್ಲ.

ತಂಬಾಕು ಹಾಗೂ ನೋವಿನ ಮಾತ್ರೆ: ಬೀಡಿ, ಸಿಗರೇಟು ಬಿಡಲಾಗದವರಿಗೆ ಮತ್ತು ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳನ್ನು ನಿತ್ಯ ನುಂಗುವವರಿಗೆ ಬೈಪಾಸ್ ನಂತರ ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಅಪಾಯವಿದೆ.

ಜಠರದ ಪರೀಕ್ಷೆ: ಬೈಪಾಸ್ ನಂತರ ಒಳಗುಳಿದ ಜಠರವನ್ನು ಸಾಮಾನ್ಯ ಎಂಡೋಸ್ಕೋಪಿಯಿಂದ ನೋಡಲಾಗದು. ಕುಟುಂಬದಲ್ಲಿ ಜಠರದ ಕ್ಯಾನ್ಸರ್ ಇದ್ದಲ್ಲಿ ಅದನ್ನು ವೈದ್ಯರ ಗಮನಕ್ಕೆ ತರತಕ್ಕದ್ದು.

ಗರ್ಭಧಾರಣೆ: ಯಾವುದೇ ವಿಧಾನವಾದರೂ 12ರಿಂದ 18 ತಿಂಗಳವರೆಗೆ ಗರ್ಭಧಾರಣೆಯನ್ನು ಮುಂದೂಡಬೇಕು. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಗಳು ಸರಿಯಾಗಿ ಹೀರಲ್ಪಡದೆ ಹೋಗಬಹುದಾದ್ದರಿಂದ ಕಾಪರ್-ಟಿಯಂತಹ ಬೇರೆ ವಿಧಾನವನ್ನು ಅನುಸರಿಸುವುದು ಕ್ಷೇಮ.

5. ಊರಿಗೆ ಮರಳಿದ ನಂತರ

ಅನುಭವಿ ಕೇಂದ್ರಗಳಲ್ಲಿ ಈ ಶಸ್ತ್ರಚಿಕಿತ್ಸೆಗಳಿಂದ ಸಾವು ಸಂಭವಿಸುವುದು ಸಾವಿರಕ್ಕೆ ಒಂದರ ಆಸುಪಾಸಿನಲ್ಲಿದೆ. ನಿಜವಾದ ಪರೀಕ್ಷೆ ಆರಂಭವಾಗುವುದು ಮನೆಗೆ ಬಂದ ಮೇಲೆ. ಮೊದಲ ವಾರಗಳಲ್ಲಿ ದ್ರವಾಹಾರ, ನಂತರ ಮೆತ್ತಗಿನ ಆಹಾರ, ಆಮೇಲೆ ಗಟ್ಟಿ ಆಹಾರ. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನು ಮುಂತಾದ ಪ್ರೋಟೀನ್‌ಯುಕ್ತ ಪದಾರ್ಥಗಳನ್ನು ಮೊದಲು ತಿಂದು ಅನಂತರ ಮುದ್ದೆ, ಅನ್ನಗಳನ್ನು ಸ್ವಲ್ಪವೇ ತೆಗೆದುಕೊಳ್ಳಬೇಕು. ಬೈಪಾಸ್ ಆದವರು ಹಬ್ಬದೂಟದಲ್ಲಿ ಪಾಯಸ, ಹೋಳಿಗೆಗಳನ್ನು ಉಂಡರೆ ಅಲ್ಪ ಹೊತ್ತಿನಲ್ಲಿಯೇ ಬೆವರು, ಎದೆಬಡಿತ, ಹೊಟ್ಟೆನುಲಿತ, ಭೇದಿ ಕಾಣಿಸಿಕೊಳ್ಳಬಹುದು. ಬಹುಜೀವಸತ್ವ, ಕಬ್ಬಿಣ, ಸುಣ್ಣಾಂಶ, ವಿಟಮಿನ್ ಡಿ ಹಾಗೂ ಬಿ12 ಪೂರಕಗಳು ಮತ್ತು ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಜೀವನಪರ್ಯಂತ ನಡೆಯಬೇಕು.

ಮಾತ್ರೆ ನಿಂತರೆ ತಕ್ಷಣ ಏನೂ ಆಗುವುದಿಲ್ಲ. ತಿಂಗಳುಗಳು ಅಥವಾ ವರ್ಷಗಳು ಕಳೆದ ಮೇಲೆ ಕೈಕಾಲು ಜೋಮು, ನಿಶ್ಶಕ್ತಿ, ಮೂಳೆ ಸವೆತಗಳು ತಲೆದೋರುತ್ತವೆ. ಆಗ ಇದಕ್ಕೂ ಹಿಂದಿನ ಶಸ್ತ್ರಚಿಕಿತ್ಸೆಗೂ ಇರುವ ಸಂಬಂಧ ಯಾರ ನೆನಪಿಗೂ ಬಾರದೆ ಹೋಗಬಹುದು. ಪೂರಕಗಳ ಖರ್ಚನ್ನೂ ತಪಾಸಣೆಯ ಓಡಾಟವನ್ನೂ ನಿಭಾಯಿಸಲಾಗದ ಕುಟುಂಬವು ಪೋಷಕಾಂಶಗಳ ಕೊರತೆ ಹೆಚ್ಚು ಉಂಟುಮಾಡುವ ವಿಧಾನವನ್ನು ಆರಿಸಿಕೊಳ್ಳುವ ಮುನ್ನ ಎರಡು ಬಾರಿ ಯೋಚಿಸುವುದು ಒಳಿತು. ಬೊಜ್ಜಿನ ಪ್ರಮಾಣ ಅಷ್ಟಾಗಿ ಇಲ್ಲದವರು ವೈದ್ಯರ ಸಲಹೆಯಂತೆ ಔಷಧ ಚಿಕಿತ್ಸೆಯನ್ನು ಮೊದಲು ಪರಿಶೀಲಿಸಬಹುದು. ಆದರೆ ಈಗ ದೊರೆಯುತ್ತಿರುವ ವಾರಕ್ಕೊಮ್ಮೆಯ ಚುಚ್ಚುಮದ್ದುಗಳನ್ನು ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯ.

6. ವೆಚ್ಚ ಮತ್ತು ವಿಮೆ

ವೈದ್ಯಕೀಯ ಮಾನದಂಡವೂ ವಿಮೆಯ ಮಾನದಂಡವೂ ಒಂದೇ ಅಲ್ಲ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಮಾಣಿತ ಷರತ್ತಿನ ಪ್ರಕಾರ, ರೋಗಿಗೆ 18 ವರ್ಷ ತುಂಬಿರಬೇಕು, ವೈದ್ಯರ ಸಲಹೆ ಇರಬೇಕು ಹಾಗೂ ಬಿಎಂಐ 40 ಅಥವಾ ಹೆಚ್ಚಿರಬೇಕು. ಬಿಎಂಐ 35 ಅಥವಾ ಹೆಚ್ಚಿರುವವರಾದರೆ ಹೃದ್ರೋಗ, ತೀವ್ರ ನಿದ್ರಾ ಉಸಿರುಕಟ್ಟು ಅಥವಾ ಔಷಧಕ್ಕೆ ಹತೋಟಿಗೆ ಬಾರದ ಮಧುಮೇಹದಂತಹ ಕಾಯಿಲೆಯಿದ್ದು ಇತರ ಚಿಕಿತ್ಸೆಗಳು ವಿಫಲವಾಗಿರಬೇಕು. ಮೇಲಿನ ಉದಾಹರಣೆಯ ಮಹಿಳೆಯು ವೈದ್ಯಕೀಯವಾಗಿ ಅರ್ಹಳಾದರೂ ಇಂತಹ ಕಾಯಿಲೆ ಇಲ್ಲದಿದ್ದರೆ ಈ ಷರತ್ತುಳ್ಳ ಪಾಲಿಸಿಯಿಂದ ಹಣ ದೊರೆಯುವುದಿಲ್ಲ. ಆದ್ದರಿಂದ ಮುಂಗಡ ಕಟ್ಟುವ ಅಥವಾ ಸಾಲ ಮಾಡುವ ಮೊದಲು ವಿಮಾ ಸಂಸ್ಥೆಯಿಂದ ಲಿಖಿತ ಪೂರ್ವಾನುಮತಿ ಪಡೆಯುವುದು. ಸರ್ಕಾರಿ ಆರೋಗ್ಯ ಯೋಜನೆಯ ಫಲಾನುಭವಿಗಳು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸುವುದು.

7. ಶಸ್ತ್ರಚಿಕಿತ್ಸಕರಲ್ಲಿ ಕೇಳಬೇಕಾದ ಪ್ರಶ್ನೆಗಳು

— ನನಗೆ ಈ ವಿಧಾನವನ್ನೇ ಸೂಚಿಸಲು ಕಾರಣವೇನು? ಇನ್ನೊಂದು ವಿಧಾನ ಏಕೆ ಬೇಡ?
— ನನ್ನ ಎಂಡೋಸ್ಕೋಪಿಯಲ್ಲಿ ಏನು ಕಂಡುಬಂದಿದೆ?
— ಪೂರಕ ಮಾತ್ರೆಗಳಿಗೂ ರಕ್ತಪರೀಕ್ಷೆಗಳಿಗೂ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ?
— ಇವುಗಳಲ್ಲಿ ಯಾವುದನ್ನು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಬಹುದು?
— ತೊಂದರೆಯಾದರೆ ರಾತ್ರಿ ಹೊತ್ತಿನಲ್ಲಿ ಯಾರನ್ನು ಸಂಪರ್ಕಿಸಬೇಕು?

8. ಕ್ಷೇತ್ರ ಸಿಬ್ಬಂದಿಯ ಗಮನಕ್ಕೆ

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಡಿಸ್ಚಾರ್ಜ್ ಸಮ್ಮರಿಯ ಪ್ರತಿಯನ್ನು ಪಡೆದು, ವಿಧಾನದ ಹೆಸರು ಹಾಗೂ ದಿನಾಂಕವನ್ನು ಅವರ ಆರೋಗ್ಯ ದಾಖಲೆಯಲ್ಲಿ ನಮೂದಿಸುವುದು. ಮಧುಮೇಹ ಹಾಗೂ ರಕ್ತದೊತ್ತಡದ ಹಳೆಯ ಪ್ರಮಾಣದ ಮಾತ್ರೆಗಳನ್ನು ವೈದ್ಯಾಧಿಕಾರಿಗಳ ಮರುಪರಿಶೀಲನೆಯಿಲ್ಲದೆ ಮುಂದುವರಿಸದಿರುವುದು. ಬೈಪಾಸ್ ಆದವರ ನೋವಿಗೆ ಪ್ಯಾರಾಸಿಟಮಾಲ್ ಹೊರತು ಮೇಲೆ ಹೇಳಿದ ನೋವಿನ ಮಾತ್ರೆಗಳನ್ನು ನೀಡದಿರುವುದು.

ಶಸ್ತ್ರಚಿಕಿತ್ಸೆಯ ನಂತರ ವಾಂತಿ ನಿಲ್ಲದೆ ಬಂದವರಿಗೆ ಬರಿಯ ಗ್ಲೂಕೋಸ್ ಡ್ರಿಪ್ ಹಾಕಿ ಮನೆಗೆ ಕಳುಹಿಸಬಾರದು. ಅವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುವ ಸಂಭವವಿದ್ದು, ಅದನ್ನು ನೀಡದೆ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಮೊದಲ ವಾರಗಳಲ್ಲಿ ಜ್ವರ, ವೇಗದ ನಾಡಿಬಡಿತ, ಹೊಟ್ಟೆನೋವು ಕಂಡುಬಂದರೆ ಜೋಡಣೆ ಅಥವಾ ಹೊಲಿಗೆಯ ಜಾಗ ಸೋರುತ್ತಿರುವ ಶಂಕೆಯಿಂದ ತಡಮಾಡದೆ ಮೇಲಿನ ಆಸ್ಪತ್ರೆಗೆ ಕಳುಹಿಸುವುದು. ಬೈಪಾಸ್ ಆದವರಿಗೆ ವರ್ಷಗಳ ನಂತರವೂ ದಿಢೀರನೆ ತೀವ್ರ ಹೊಟ್ಟೆನೋವು ಬಂದರೆ ಕರುಳು ಸಿಲುಕಿಕೊಂಡಿರಬಹುದಾದ್ದರಿಂದ ಅದನ್ನೂ ತುರ್ತು ಸ್ಥಿತಿಯೆಂದು ಪರಿಗಣಿಸುವುದು.

ಶಸ್ತ್ರಚಿಕಿತ್ಸೆ ಮಾಡಿಸಬೇಕೋ ಬೇಡವೋ, ಮಾಡಿಸುವುದಾದರೆ ಯಾವುದು ಎಂಬ ತೀರ್ಮಾನ ರೋಗಿ ಹಾಗೂ ವೈದ್ಯರಿಗೆ ಸೇರಿದ್ದು. ಅಗತ್ಯವಿರುವವರು ಮೊದಲು ತಮ್ಮ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ನಲ್ಲಿ ತೂಕ, ಸಕ್ಕರೆ, ರಕ್ತದೊತ್ತಡ ಹಾಗೂ ಹಿಮೋಗ್ಲೋಬಿನ್ ಪರೀಕ್ಷಿಸಿಕೊಂಡು, ಆ ದಾಖಲೆಗಳೊಂದಿಗೆ ತಜ್ಞರನ್ನು ಕಾಣುವುದು. ಈ ಮಾಹಿತಿಯನ್ನು ಗ್ರಾಮ ಪಂಚಾಯಿತಿ ಸೂಚನಾ ಫಲಕದಲ್ಲಿ ಪ್ರಕಟಿಸಿ, ಗ್ರಾಮಸಭೆ ಹಾಗೂ ಆರೋಗ್ಯ ಸಮಿತಿ ಸಭೆಗಳಲ್ಲಿ ಓದಿ ತಿಳಿಸಲು ಕೋರಲಾಗಿದೆ.