ಸ್ವಿಚ್ ಹಾಕಿದರೂ ಯಂತ್ರ ಏಳದಿದ್ದಾಗ: ನಿಯಂತ್ರಕ ಫಲಕದ ಆರಂಭ ಕ್ರಮ

ದಾವಣಗೆರೆಯಿಂದ ಬಾತಿಯ ಮೂಲಕ ಹರಿಹರದವರೆಗಿನ ಹಾದಿಗೆ ಯಂತ್ರಗಳ ಪರಿಚಯ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಮೊದಲ ದಶಕಗಳ ಲೇತ್‌ಗಳಲ್ಲಿ ಕೆಟ್ಟುಹೋದ ಭಾಗವು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಇಂದಿನ ಸಿಎನ್‌ಸಿ ಲೇತ್, ಅಕ್ಕಿ ಗಿರಣಿಯ ಕಲರ್ ಸಾರ್ಟರ್, ವೇಬ್ರಿಜ್‌ಗಳ ಸ್ಥಿತಿ ಹಾಗಿಲ್ಲ. ಅವುಗಳೊಳಗೆ ಒಂದು ಪ್ರೊಸೆಸರ್ ಇರುತ್ತದೆ. ಸುಗ್ಗಿಯ ಕಾಲದಲ್ಲಿ ಬೆಳಿಗ್ಗೆ ಸ್ವಿಚ್ ಹಾಕಿದಾಗ ಪರದೆ ಕಪ್ಪಾಗಿಯೇ ಉಳಿದರೆ, ‘ಬೋರ್ಡ್ ಹೋಗಿದೆ’ ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಹಿಂದೆಯೇ ದೊಡ್ಡ ಮೊತ್ತದ ಅಂದಾಜುಪಟ್ಟಿಯೂ ಬರುತ್ತದೆ. ಈ ತೀರ್ಪು ಎಲ್ಲ ಸಂದರ್ಭಗಳಲ್ಲಿಯೂ ಸರಿಯಾಗಿರಬೇಕೆಂದಿಲ್ಲ.

ವಿದ್ಯುತ್ ಹರಿದ ಕ್ಷಣದಲ್ಲಿ ಪ್ರೊಸೆಸರ್‌ಗೆ ಏನೂ ನೆನಪಿರುವುದಿಲ್ಲ. ಅದರ ಕೆಲಸದ ಸ್ಮೃತಿಯಾದ ರ‍್ಯಾಮ್ ಖಾಲಿ ಪುಟದಂತಿರುತ್ತದೆ. ಆರಂಭಿಕ ಶಿಲ್ಕಿಲ್ಲದೆ ಕಿರ್ದಿ ಬರೆಯಲಾಗದಂತೆ, ಮೊದಲ ಆದೇಶವು ಎಲ್ಲಿಂದಲಾದರೂ ಬರಲೇಬೇಕು. ಬೆಂಗಳೂರಿನಲ್ಲಿ ರೂಪುಗೊಂಡು, 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಭಾಗಿತ್ವದಲ್ಲಿ ‘ಅಮಿಡಾ’ ಹೆಸರಿನಿಂದ ಮಾರುಕಟ್ಟೆಗೆ ಬಂದ ಸಿಂಪ್ಯೂಟರ್ ಹಲವರಿಗೆ ನೆನಪಿರಬಹುದು. ಅದರಲ್ಲಿದ್ದ ಸ್ಟ್ರಾಂಗ್‌ಆರ್ಮ್ ವರ್ಗದ ಪ್ರೊಸೆಸರ್ ಸೊನ್ನೆಯ ವಿಳಾಸದಿಂದ ನೇರವಾಗಿ ಆದೇಶಗಳನ್ನು ಓದುತ್ತಿತ್ತು. ಅಲ್ಲಿ ಪ್ರೋಗ್ರಾಂ ಅಳಿಸಿಹೋದರೆ ಪ್ರೊಸೆಸರ್‌ಗೆ ಬೇರೆ ದಾರಿ ತಿಳಿಯದು.

ನಂತರದ ಪ್ರೊಸೆಸರ್‌ಗಳಲ್ಲಿ ಈ ಕೊರತೆಯು ಬಹುಮಟ್ಟಿಗೆ ನೀಗಿದೆ. ಚಿಪ್ ತಯಾರಾಗುವಾಗಲೇ ಅದರೊಳಗೆ ಅಳಿಸಲಾಗದ ಒಂದು ಪುಟ್ಟ ಪ್ರೋಗ್ರಾಮನ್ನು ಇರಿಸಲಾಗುತ್ತದೆ. ಇದಕ್ಕೆ ಬೂಟ್ ರಾಮ್ ಎಂದು ಹೆಸರು. ಬಾಗಿಲು ತೆರೆದ ಗುಮಾಸ್ತನು ಯಜಮಾನರ ಚೀಟಿಯನ್ನು ಮೊದಲು ತಿಜೋರಿಯಲ್ಲಿ, ಅಲ್ಲಿಲ್ಲದಿದ್ದರೆ ಮೇಜಿನ ಡ್ರಾಯರಿನಲ್ಲಿ ಹುಡುಕಿ, ಅಲ್ಲಿಯೂ ಸಿಗದಿದ್ದರೆ ದೂರವಾಣಿಯಲ್ಲಿ ಕೇಳುವಂತೆ, ಬೂಟ್ ರಾಮ್ ಒಂದೊಂದೇ ಸ್ಥಳವನ್ನು ಸರದಿಯಂತೆ ಪರೀಕ್ಷಿಸುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಎಎಂ335ಎಕ್ಸ್ ವರ್ಗವನ್ನು ಉದಾಹರಣೆಯಾಗಿ ನೋಡಬಹುದು. ವಿದ್ಯುತ್ ಬಂದ ಕೂಡಲೇ ಅದು ಕೆಲವು ಪಿನ್‌ಗಳ ಮೇಲೆ ವೋಲ್ಟೇಜ್ ಇದೆಯೇ ಇಲ್ಲವೇ ಎಂದು ನೋಡಿ, ಹುಡುಕಾಟದ ಸರದಿಯನ್ನು ತೀರ್ಮಾನಿಸುತ್ತದೆ. ಬೋರ್ಡಿನಲ್ಲಿ ಬೆಸೆದಿರುವ ಇಎಂಎಂಸಿ, ಹೊರಗಿನ ಮೆಮೊರಿ ಕಾರ್ಡ್, ನ್ಯಾಂಡ್ ಫ್ಲ್ಯಾಶ್, ಎಸ್‌ಪಿಐ ಫ್ಲ್ಯಾಶ್ ಇವು ಸಂಗ್ರಹದ ಸ್ಥಳಗಳು. ಸೀರಿಯಲ್ ಪೋರ್ಟ್, ಯುಎಸ್‌ಬಿ, ಈಥರ್‌ನೆಟ್ ಇವು ಸಂಪರ್ಕದ ದಾರಿಗಳು. ಈ ಪ್ರೊಸೆಸರ್ ಬಳಸುವ, 2013ರಲ್ಲಿ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡು ಮೊದಲು ಇಎಂಎಂಸಿ, ನಂತರ ಕಾರ್ಡ್, ಆಮೇಲೆ ಸೀರಿಯಲ್, ಕೊನೆಗೆ ಯುಎಸ್‌ಬಿ ಎಂಬ ಸರದಿಯನ್ನು ಅನುಸರಿಸುತ್ತದೆ. ಒಂದು ಗುಂಡಿಯನ್ನು ಒತ್ತಿಹಿಡಿದು ವಿದ್ಯುತ್ ಕೊಟ್ಟರೆ ಇಎಂಎಂಸಿಯನ್ನು ಬಿಟ್ಟು, ಕಾರ್ಡಿನಿಂದಲೇ ಆರಂಭವಾಗಬಲ್ಲದು.

ಬೂಟ್ ರಾಮ್ ಇಡೀ ಪ್ರೋಗ್ರಾಮನ್ನು ಒಮ್ಮೆಲೇ ಎಳೆದುಕೊಳ್ಳುವುದಿಲ್ಲ. ಚಿಪ್‌ನೊಳಗಿನ ಸ್ಮೃತಿ ಕಿರಿದು. ಮೇಲಿನ ಪ್ರೊಸೆಸರ್‌ನಲ್ಲಿ ಮೊದಲ ಕಂತಿಗೆ ಇರುವ ಮಿತಿ 109 ಕಿಲೋಬೈಟ್. ಈ ಕಂತು ಹೊರಗಿನ ರ‍್ಯಾಮನ್ನು ಸಿದ್ಧಪಡಿಸಿದ ನಂತರವೇ ಎರಡನೆಯ ಕಂತು, ಅದರ ಹಿಂದೆ ಮುಖ್ಯ ಪ್ರೋಗ್ರಾಂ ಬರುತ್ತವೆ. ಸೆಕೆಂಡಿಗೆ 1,15,200 ಬಿಟ್ ವೇಗದ ಸೀರಿಯಲ್ ತಂತಿಯಲ್ಲಿ ಮೊದಲ ಕಂತಿಗೆ ಸುಮಾರು 10 ಸೆಕೆಂಡ್ ಸಾಕು. 4 ಮೆಗಾಬೈಟ್‌ನ ಪ್ರೋಗ್ರಾಮಿಗೆ ಆರು ನಿಮಿಷ ಬೇಕು. ದಿನನಿತ್ಯದ ಬಳಕೆಗೆ ಈ ದಾರಿ ನಿಧಾನವೆನಿಸಿದರೂ ಆಪತ್ಕಾಲಕ್ಕೆ ಬಹಳ ಉಪಯುಕ್ತ. ಬೇರೆಲ್ಲೂ ಚೀಟಿ ಸಿಗದಾಗ ಈ ಚಿಪ್ ಸೀರಿಯಲ್ ತಂತಿಯಲ್ಲಿ ‘ಸಿ’ ಎಂಬ ಅಕ್ಷರವನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಲ್ಯಾಪ್‌ಟಾಪ್ ಜೋಡಿಸಿದ ತಂತ್ರಜ್ಞನಿಗೆ ಆ ಅಕ್ಷರಗಳು ಕಂಡರೆ ಪ್ರೊಸೆಸರ್ ಜೀವಂತವಾಗಿದೆ ಎಂದೇ ಅರ್ಥ. ನಷ್ಟವಾಗಿರುವುದು ಬಹುಶಃ ಸಂಗ್ರಹದಲ್ಲಿದ್ದ ಬರಹ ಮಾತ್ರ.

ಬರಹವು ಕೆಡುವುದು ಅಪರೂಪವೇನಲ್ಲ. ಫ್ಲ್ಯಾಶ್ ಸ್ಮೃತಿಯ ಪ್ರತಿ ಕೋಶಕ್ಕೂ ಅಳಿಸಿ ಬರೆಯುವ ಲೆಕ್ಕಕ್ಕೆ ಮಿತಿಯಿದೆ. ಬರೆಯುತ್ತಿರುವಾಗಲೇ ವಿದ್ಯುತ್ ಕಡಿತವಾದರೆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಕಂಪನವಿರುವ ಗಿರಣಿಯಲ್ಲಿ ಕಾರ್ಡು ತನ್ನ ಗೂಡಿನಲ್ಲಿ ಸಡಿಲವಾಗುವುದೂ ಉಂಟು. ಇಂತಹ ದೋಷಕ್ಕೆ ಹೊಸ ಬೋರ್ಡಿನ ಬೆಲೆ ತೆರುವುದು ಬೀಗದಕೈ ಕಳೆದುದಕ್ಕೆ ಗೋಡೆ ಒಡೆದಂತೆ.

ಆದರೆ ದುರಸ್ತಿಗೆ ಪ್ರೋಗ್ರಾಮಿನ ಪ್ರತಿ ಕೈಯಲ್ಲಿರಬೇಕು. ಹೆಚ್ಚಿನ ಖರೀದಿ ಆದೇಶಗಳಲ್ಲಿ ಮೋಟಾರಿನ ಅಶ್ವಶಕ್ತಿ, ಗ್ಯಾರಂಟಿಯ ಅವಧಿ ನಮೂದಾಗಿರುತ್ತವೆ; ಇದರ ಪ್ರಸ್ತಾಪವೇ ಇರುವುದಿಲ್ಲ. ಯಂತ್ರ ಯಾವ ಮಾಧ್ಯಮದಿಂದ ಆರಂಭವಾಗುತ್ತದೆ, ಅದು ಕೆಟ್ಟರೆ ಬದಲಿ ದಾರಿ ಯಾವುದು, ಬದಲಿ ಕಾರ್ಡನ್ನು ಅಥವಾ ಪ್ರೋಗ್ರಾಮಿನ ಪ್ರತಿಯನ್ನು ಯಂತ್ರದೊಡನೆ ಕೊಡಲಾಗುವುದೇ ಎಂಬುದನ್ನು ಮುಂಗಡ ಪಾವತಿಸುವ ಮೊದಲೇ ಬರವಣಿಗೆಯಲ್ಲಿ ಪಡೆಯುವುದು ಲೇಸು. ತಯಾರಕರ ಡಿಜಿಟಲ್ ಸಹಿಯಿರುವ ಪ್ರೋಗ್ರಾಮನ್ನಷ್ಟೇ ಸ್ವೀಕರಿಸುವ ಚಿಪ್‌ಗಳೂ ಇವೆ. ಕಳ್ಳ ಪ್ರೋಗ್ರಾಮನ್ನು ತಡೆಯಲು ಇದು ಒಳ್ಳೆಯ ಏರ್ಪಾಡು. ಆದರೆ ತಯಾರಕ ಸಂಸ್ಥೆ ಬಾಗಿಲು ಹಾಕಿದ ದಿನ, ಸ್ಥಿರಾಸ್ತಿಯ ಪಟ್ಟಿಯಲ್ಲಿ ಇನ್ನೂ ಮೌಲ್ಯ ಉಳಿದಿರುವ ಯಂತ್ರವು ಗುಜರಿಯ ಬೆಲೆಗೆ ಇಳಿಯಬಹುದು.

ವೇಬ್ರಿಜ್ ಹಾಗೂ ವ್ಯಾಪಾರದ ತಕ್ಕಡಿಗಳಿಗೆ ಮಾತ್ರ ಸ್ವಂತ ದುರಸ್ತಿ ಸಲ್ಲದು. ಮುದ್ರೆ ಒಡೆದು ಸರಿಪಡಿಸಿದ ತೂಕದ ಯಂತ್ರವನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಮರುಪರಿಶೀಲನೆ ಮಾಡಿಸಿ, ಹೊಸ ಮುದ್ರೆ ಪಡೆದ ನಂತರವೇ ಬಳಕೆಗೆ ತರಬೇಕು.